ಹೋರಿ ತೂಕ ಬಂದಂತೆ ಊರು ಹಗುರಾದದ್ದು

ಒಂದಾನೊಂದು ಊರಿನಲ್ಲಿ, ಎರಡಾನೆರಡು ಊರಿನಲ್ಲಿ ಅಲ್ಲ, ಒಂದೇ ಒಂದು ಊರಿನಲ್ಲಿ ತೂಕ ಅನ್ನುವುದು ಎಷ್ಟಿತ್ತೋ ಅಷ್ಟೇ ಇತ್ತು. ಹೆಚ್ಚಿಗೆ ತರೋಣವೆಂದರೆ ಯಾವ ಸಂತೆಯಲ್ಲೂ ಸಿಗುತ್ತಿರಲಿಲ್ಲ. ಊರು ಕಟ್ಟಿದ ಮುದುಕಿ ತೂಕ ಕೇಳಲು ಭೂಮಿತಾಯಿಯ ಹತ್ತಿರ ಹೋದಳಂತೆ. ಎಷ್ಟು ಬೇಕವ್ವ ಅಂತ ಭೂಮಿತಾಯಿ ಕೇಳಿದಳಂತೆ. ಮುದುಕಿ ನಾಚಿಕೆಯವಳು. ಒಂದಿಷ್ಟು ಕೊಡು ತಾಯಿ ಅಂದಳಂತೆ. ಭೂಮಿತಾಯಿ ಒಂದಿಷ್ಟೇ ಕೊಟ್ಟಳು. ಅವತ್ತಿನಿಂದ ಊರೆಲ್ಲ ಆ ಒಂದಿಷ್ಟನ್ನೇ ಹಂಚಿಕೊಂಡು ಬದುಕಬೇಕಾಯಿತು.

ಹೇಗೆ ಅಂತೀರಾ? ಮಗು ಬೆಳೆದಂತೆ ಮನೆಯ ಅಜ್ಜಿ ಕುಗ್ಗುತ್ತಿದ್ದಳು. ಗೌಡರ ಮಗಳು ಬಸುರಿಯಾದರೆ ಕುಂಬಾರರ ಎಮ್ಮೆ ಬಡಕಲಾಗುತ್ತಿತ್ತು. ಒಬ್ಬರ ಹಿತ್ತಲಲ್ಲಿ ಕುಂಬಳಕಾಯಿ ಊದಿಕೊಂಡರೆ ಪಕ್ಕದ ಮನೆಯವನ ಕೆನ್ನೆ ಒಳಕ್ಕೆ ಹೋಗುತ್ತಿತ್ತು. ಅವನು ಬೇಲಿ ಹತ್ತಿರ ಬಂದು, ಕಾಯಿ ಕಿತ್ತು ಸಾರು ಮಾಡಿ, ನನಗೂ ಒಂದು ಬಟ್ಟಲು ಕೊಡಿ ಅನ್ನುತ್ತಿದ್ದ. ಕೊಡುತ್ತಿದ್ದರು. ಕೆನ್ನೆ ಮತ್ತೆ ತುಂಬಿಕೊಳ್ಳುತ್ತಿತ್ತು. ಬೇರೆ ಊರಿನಲ್ಲಿ ಕೂಳಿಗೆ ದಂಡ, ಭೂಮಿಗೆ ಭಾರ ಅಂತ ಬೈಯುತ್ತಾರಲ್ಲ, ಈ ಊರಿನಲ್ಲಿ ಅದು ಆಶೀರ್ವಾದ. ಭೂಮಿಗೆ ಭಾರವಾಗಿ ಬಾಳಿ ಅಂತ ಮದುಮಕ್ಕಳ ಮೇಲೆ ಅಕ್ಕಿ ಹಾಕುತ್ತಿದ್ದರು.

ಊರಿನ ಅಂಚಿನಲ್ಲಿ ಸಣ್ಣೀರಯ್ಯ ಅಂತ ಒಬ್ಬ ಇದ್ದ. ಬಾಡೂಟಕ್ಕೆ ಹೋರಿ ಸಾಕುವುದು ಅವನ ಕಸುಬು. ಅವನ ಅಪ್ಪನೂ ಅದನ್ನೇ ಮಾಡಿದ್ದ, ಅಪ್ಪನ ಅಪ್ಪನೂ ಅದನ್ನೇ. ಊರಿನ ಸಂಗತಿ ತಿಳಿದು ಅವರು ಹೋರಿಗಳನ್ನು ಹದವಾಗಿ ಸಾಕುತ್ತಿದ್ದರು. ತೀರಾ ಕೊಬ್ಬಿಸುತ್ತಿರಲಿಲ್ಲ. ಯಾರ ಮೈಯಿಂದಲೂ ಒಂದು ಹಿಡಿಗಿಂತ ಹೆಚ್ಚು ಹೋಗಬಾರದು ಅನ್ನುವುದು ಆ ಮನೆತನದ ಮಾತು. ಆದರೆ ಸಣ್ಣೀರಯ್ಯನಿಗೆ ಒಳಗೊಂದು ಆಸೆ ಇತ್ತು. ಯಾವ ಅಡ್ಡಿಯೂ ಇಲ್ಲದೆ, ತನಗೆ ಗೊತ್ತಿರುವುದನ್ನೆಲ್ಲ ಹಾಕಿ, ಒಂದೇ ಒಂದು ಹೋರಿಯನ್ನು ಸಾಕಿ ನೋಡಬೇಕು ಅಂತ. ಅದನ್ನು ಅವನು ಹೆಂಡತಿ ಮಂಚಮ್ಮನಿಗೆ ಮಾತ್ರ ಹೇಳಿದ್ದ. ಮಂಚಮ್ಮ ಸಣಕಲು ಹೆಂಗಸು. ಮಾತು ಕಡಿಮೆ, ಆಡಿದರೂ ಮೆಲ್ಲಗೆ. ಅವಳು ಅದಕ್ಕೆ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಆ ಊರಿಗೊಬ್ಬ ದೊರೆ. ಹೆಸರು ತೂಗುರಾಯ. ಅವನಿಗೆ ತೂಗುವ ಹುಚ್ಚು. ಬೆಕ್ಕು ಆಕಳಿಸುವುದಕ್ಕೆ ಮುಂಚೆ ಒಂದು ಸಲ ತೂಗುತ್ತಿದ್ದ, ಆಕಳಿಸಿದ ಮೇಲೆ ಒಂದು ಸಲ ತೂಗುತ್ತಿದ್ದ. ತಾನು ಸೀನಿದರೆ ಸೀನನ್ನು ಹಿಡಿದು ತೂಗಿಸುತ್ತಿದ್ದ. ಅರಮನೆಯ ಅಂಗಳದಲ್ಲಿ ಅವನ ತಕ್ಕಡಿ ಆಲದ ಮರದಷ್ಟು ಎತ್ತರಕ್ಕೆ ನಿಂತಿತ್ತು. ಆ ತಕ್ಕಡಿಗೆ ಮಾತು ಬರುತ್ತಿತ್ತು. ಬರುತ್ತಿದ್ದದ್ದು ಎರಡೇ ಮಾತು. ಒಂದು ಜಾಸ್ತಿ, ಇನ್ನೊಂದು ಕಮ್ಮಿ. ರಾಜ್ಯ ಆಳುವುದಕ್ಕೆ ಇಷ್ಟು ಮಾತು ಧಾರಾಳ ಅಂತ ದೊರೆ ಹೇಳುತ್ತಿದ್ದ.

ಒಂದು ದಿನ ದೊರೆಗೆ ಒಂದು ಯೋಚನೆ ಹತ್ತಿತು. ಇಡೀ ಊರಿಗೆ ಬಾಡೂಟ ಹಾಕಬೇಕು. ಆದರೆ ಒಂದೇ ಹೋರಿಯಿಂದ ಹಾಕಬೇಕು. ಗೌಡರ ಎಲೆಗೂ ಅದೇ ಹೋರಿ, ಕುಂಬಾರರ ಎಲೆಗೂ ಅದೇ ಹೋರಿ. ಅಂಥ ಹೋರಿಯನ್ನು ಯಾರು ಸಾಕುತ್ತಾರೆ ಅಂತ ಡಂಗುರ ಹೊಡೆಸಿದ. ಊರಿನವರೆಲ್ಲ ಸಣ್ಣೀರಯ್ಯನ ಕಡೆ ಕೈ ತೋರಿಸಿದರು. ಸಣ್ಣೀರಯ್ಯ ಅರಮನೆಗೆ ಹೋಗಿ ಕೈಮುಗಿದು ನಿಂತ. ದೊರೆ ಅವನ ಕೈಗೆ ಒಂದು ಕರುವನ್ನು ಕೊಟ್ಟು ಕರಾರು ಹೇಳಿದ.

"ಈ ತಕ್ಕಡಿ ಯಾವತ್ತು ಸಾಕು ಅನ್ನುತ್ತದೋ ಅವತ್ತು ಕಡಿಯೋಣ. ಅಲ್ಲಿಯವರೆಗೆ ನೀನು ಸಾಕು. ನಡುವೆ ಹೋರಿ ಎಷ್ಟು ಇಳಿಯುತ್ತದೋ ಅಷ್ಟನ್ನು ನಿನ್ನ ಮೈಯಿಂದ ಕತ್ತರಿಸಿಕೊಳ್ಳುತ್ತೇವೆ."

ತಕ್ಕಡಿಗೆ ಬರುವುದು ಎರಡೇ ಮಾತು, ಅದರಲ್ಲಿ ಸಾಕು ಅನ್ನುವುದು ಇಲ್ಲ ಅಂತ ಸಣ್ಣೀರಯ್ಯನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕರು ಅಷ್ಟರಲ್ಲಿ ಅವನ ಅಂಗೈ ನೆಕ್ಕುತ್ತಿತ್ತು. ಅಗಲವಾದ ಎದೆ, ದಪ್ಪ ಕಾಲು, ನೆಟ್ಟನೆಯ ಬೆನ್ನು. ಅಂಥ ಕರುವನ್ನು ಅವನು ಕಂಡೇ ಇರಲಿಲ್ಲ. ಆಗಲಿ ಸ್ವಾಮಿ ಅಂದುಬಿಟ್ಟ.

ಸಾಕುವುದೆಂದರೆ ಅದು ಸಾಕುವುದು. ಕೊಟ್ಟಿಗೆಯ ನೆಲವನ್ನು ಎತ್ತರಿಸಿ, ಗಂಜಲ ಹರಿದು ಹೋಗುವಂತೆ ಇಳಿಜಾರು ಮಾಡಿದ. ಒದ್ದೆ ನೆಲದಲ್ಲಿ ಮಲಗಿದ ದನ ತಿಂದದ್ದನ್ನೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಕಳೆಯುತ್ತದೆ. ಮೇವಿನ ಗೊಂತಿನ ಪಕ್ಕ ಒಂದು ನೀರಿನ ಬಾನಿ ಇಟ್ಟು ಅದು ಬರಿದಾಗದಂತೆ ನೋಡಿಕೊಂಡ. ಜೋಳದ ಕಡ್ಡಿಯನ್ನು ಸಣ್ಣಗೆ ಕತ್ತರಿಸಿ ಹಾಕಿದ. ಹಸಿ ಹುಲ್ಲಿನ ಜೊತೆ ಒಣ ಹುಲ್ಲು, ಬೇಯಿಸಿದ ಹುರುಳಿ, ನೆನೆಸಿದ ಕಡಲೆಕಾಯಿ ಹಿಂಡಿ, ನೆಕ್ಕುವುದಕ್ಕೆ ಒಂದು ಉಪ್ಪಿನ ಗಟ್ಟಿ. ಹೊಟ್ಟೆಯ ಹುಳುವಿಗೆ ಮದ್ದು ಹಾಕಿದ. ಬಾಲದ ಬುಡ, ಕಿವಿಯ ಒಳಗೆ, ತೊಡೆಯ ಸಂದು ಹುಡುಕಿ ರಕ್ತ ಹೀರುವ ಉಣ್ಣೆಹುಳು ಕಿತ್ತ. ಒಂಟಿ ದನ ಚೆನ್ನಾಗಿ ಮೇಯುವುದಿಲ್ಲ ಅಂತ ಪಕ್ಕದಲ್ಲಿ ಒಂದು ಮುದಿ ಹಸುವನ್ನು ಕಟ್ಟಿದ. ಒಂದು ದಿನವೂ ಹೊಡೆಯಲಿಲ್ಲ, ಕೂಗಲಿಲ್ಲ. ಹೆದರಿದ ದನಕ್ಕೆ ತಿಂದದ್ದು ಮೈಗೆ ಹತ್ತುವುದಿಲ್ಲ. ಹೋರಿ ಕೊಟ್ಟಿಗೆಯಿಂದ ಹೊರಗೆ ತಲೆ ಹಾಕಿತು. ಆಮೇಲೆ ಕೊಟ್ಟಿಗೆಯಲ್ಲಿ ಹಿಡಿಸದೆ ಹೊರಗೇ ನಿಂತಿತು. ಆಮೇಲೆ ಊರ ಮುಂದಿನ ಬಯಲೇ ಅದರ ಕೊಟ್ಟಿಗೆಯಾಯಿತು.

ಮೊದಲು ಊರಿನವರಿಗೆ ಖುಷಿಯೋ ಖುಷಿ. ಯಾಕೆಂದರೆ ಮೊದಲು ಹಗುರಾದದ್ದು ಬಿಂದಿಗೆ. ಹೆಂಗಸರು ತುಂಬಿದ ಬಿಂದಿಗೆಯನ್ನು ಕಿರುಬೆರಳಿಗೆ ನೇತುಹಾಕಿಕೊಂಡು ಬಂದರು. ಗೊಬ್ಬರದ ಕುಕ್ಕೆ ಹಗುರಾಯಿತು, ನೊಗ ಹಗುರಾಯಿತು. ಸಣ್ಣೀರಯ್ಯನ ಕೈಗುಣ ನೋಡಿ ಅಂತ ಎಲ್ಲರೂ ಹೊಗಳಿದರು. ಆಮೇಲೆ ಒನಕೆ ಹಗುರಾಯಿತು. ಹಗುರಾದ ಒನಕೆಯಿಂದ ಎಷ್ಟು ಕುಟ್ಟಿದರೂ ಭತ್ತ ಸಿಪ್ಪೆ ಬಿಡಲಿಲ್ಲ. ಬೀಸುವ ಕಲ್ಲು ಹಗುರಾಯಿತು. ರಾಗಿ ಹಿಟ್ಟಾಗಲಿಲ್ಲ. ಹಿಟ್ಟಿಲ್ಲದೆ ಮುದ್ದೆಯಾಗಲಿಲ್ಲ, ಮುದ್ದೆಯಿಲ್ಲದೆ ಮನುಷ್ಯರು ಹಗುರಾದರು.

ಮೊದಲು ಮುದುಕರು, ಆಮೇಲೆ ಮಕ್ಕಳು. ಜಗಲಿಯ ಮೇಲೆ ಕೂತಿದ್ದ ಕುಂಬಾರಜ್ಜ ಕೆಮ್ಮಿದ. ಕೆಮ್ಮಿದ ರಭಸಕ್ಕೆ ಸೂರಿನವರೆಗೆ ಹೋಗಿ ತೊಲೆಗೆ ತಲೆ ತಗುಲಿಸಿಕೊಂಡ. ಜನ ಮಡಿಲಲ್ಲಿ ಕಲ್ಲು ಕಟ್ಟಿಕೊಂಡರು. ಆದರೆ ಕಲ್ಲೂ ಅದೇ ಊರಿನ ಕಲ್ಲು, ಅದಕ್ಕೆ ಮಾತ್ರ ತೂಕ ಎಲ್ಲಿಂದ ಬರಬೇಕು? ಮರಕ್ಕೆ ಕಟ್ಟಿಕೊಂಡರು. ಗಾಳಿ ಬಂದಾಗ ಮರವೇ ಮೂಲಂಗಿಯಂತೆ ಕಿತ್ತುಕೊಂಡು ಎದ್ದಿತು. ಕೊನೆಗೆ ಗೌಡರು ಸುತ್ತ ನೋಡಿದರು. ಇಡೀ ಊರಿನಲ್ಲಿ ನೆಲಕ್ಕೆ ಗಟ್ಟಿಯಾಗಿ ಕಾಲೂರಿ ನಿಂತಿದ್ದದ್ದು ಒಂದೇ. ಅದು ಹೋರಿ.

ಎಲ್ಲರೂ ಹಗ್ಗ ತಂದು ಹೋರಿಗೆ ಕಟ್ಟಿಕೊಂಡರು. ಕೊಂಬಿಗೆ ಗೌಡರ ಮನೆಯವರು, ಬೆನ್ನ ಮೇಲಿನ ಹಿಣಿಲಿಗೆ ಒಕ್ಕಲು ಮಕ್ಕಳು, ಕಾಲಿಗೆ ಕುಂಬಾರರು, ಬಾಲಕ್ಕೆ ಊರಿನ ಮಿಕ್ಕವರು. ಹೋರಿಯ ಮೇಲೆ ಊರಿಗೆ ಊರೇ ಗಾಳಿಪಟದಂತೆ ತೇಲುತ್ತಿತ್ತು. ಅಲ್ಲೇ ಅಡಿಗೆ, ಅಲ್ಲೇ ಜಗಳ, ಅಲ್ಲೇ ನೆಂಟಸ್ತನ. ಈಗ ಅವರಿಗೆ ಹೊಸ ಹೆದರಿಕೆ ಹತ್ತಿತು. ಹೋರಿ ಸೊರಗಿದರೆ ಅದೂ ಮೇಲೆದ್ದೀತು, ಜೊತೆಗೆ ತಾವೂ ಹೋದೇವು. ಅದಕ್ಕೆ ಹೋರಿ ಇನ್ನೂ ತೂಕ ಬರಬೇಕು. ತಮ್ಮ ತೂಕ ತಿಂದದ್ದು ಅದೇ ಹೋರಿ ಅಂತ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ. ಹಿಂಡಿ ಇನ್ನೊಂದು ಕುಕ್ಕೆ ಹಾಕಪ್ಪ ಅಂತ ಮೇಲಿನಿಂದ ಸಣ್ಣೀರಯ್ಯನಿಗೆ ಹೇಳುತ್ತಿದ್ದರು.

ಸಣ್ಣೀರಯ್ಯನ ಕಾಲು ಮಾತ್ರ ನೆಲದ ಮೇಲೇ ಇತ್ತು. ಯಾಕೆ ಅಂತ ಕೇಳಿ. ಅವನ ಮೈಯ ತೂಕವೂ ಹೋಗಿತ್ತು. ಆದರೆ ಅವನ ಮನಸ್ಸು ಭಾರವಾಗಿತ್ತು. ಮನಸ್ಸಿನ ಭಾರ ಊರಿನ ಲೆಕ್ಕಕ್ಕೆ ಸೇರಿದ್ದಲ್ಲ, ಅದು ಅವರವರದೇ. ಅದರ ಮೇಲೆ ಅವನು ನಡೆದಾಡುತ್ತಿದ್ದ.

ಮನಸ್ಸು ಭಾರವಾದದ್ದು ಮಂಚಮ್ಮನಿಂದ. ಮೊದಲೇ ಸಣಕಲು, ಅದರ ಮೇಲೆ ಹೋರಿಯ ಹುರುಳಿ ಬೆಂದ ಮೇಲೆ ಉಳಿದ ಕಟ್ಟಿನಲ್ಲೇ ಊಟ. ಒಲೆ ಊದುವಾಗ ಅವಳ ಕಾಲು ಹಿಂದಕ್ಕೆ ಎದ್ದು ತೇಲುತ್ತಿತ್ತು. ಹೊಸಿಲು ದಾಟುವಾಗ ಬಾಗಿಲವಾಡ ಹಿಡಿದುಕೊಳ್ಳಬೇಕಿತ್ತು. ಅವಳು ಹೋರಿಗೆ ಕಟ್ಟಿಕೊಳ್ಳಲು ಒಪ್ಪಲಿಲ್ಲ. ಅದರ ಉಪಕಾರ ಬೇಡ ಅಂದಳು. ಹಾಗಾಗಿ ಸಣ್ಣೀರಯ್ಯ ಒಂದು ಹಗ್ಗದಿಂದ ಅವಳನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡ.

ಒಂದು ಬೆಳಿಗ್ಗೆ ಅವನು ಗಟ್ಟಿ ಮನಸ್ಸು ಮಾಡಿದ. ಹೋರಿಗೆ ಹಿಂಡಿ ಹಾಕಲಿಲ್ಲ, ಹುರುಳಿ ಬೇಯಿಸಲಿಲ್ಲ. ಹೋರಿ ಬರಿ ಗೊಂತನ್ನು ನೆಕ್ಕಿತು. ಆಮೇಲೆ ಅವನ ಕಡೆ ನೋಡಿತು. ಅವನು ಬೆನ್ನು ತಿರುಗಿಸಿ ಕೂತ. ಮಧ್ಯಾಹ್ನದ ಹೊತ್ತಿಗೆ ಹೋರಿ ಒಂದು ಚೂರು ಇಳಿಯಿತು. ಇಳಿದದ್ದು ಎಲ್ಲಿಗೆ ಹೋಗಬೇಕು? ನೆಲಕ್ಕೆ ಹತ್ತಿರ ಯಾರಿದ್ದರೋ ಅವರಿಗೆ. ಮಂಚಮ್ಮನ ಹೆಬ್ಬೆರಳು ನೆಲಕ್ಕೆ ತಾಗಿತು, ಆಮೇಲೆ ಹಿಮ್ಮಡಿ. ಅವಳು ಹಗ್ಗ ಬಿಚ್ಚಿ ಹೊಸಿಲಿನಿಂದ ಒಲೆಯವರೆಗೆ ತಾನೇ ನಡೆದಳು. ಬೀಸುವ ಕಲ್ಲಿನ ಮೇಲೆ ಕೂತು ತನ್ನದೇ ತೂಕದಿಂದ ಒಂದು ಹಿಡಿ ರಾಗಿ ಬೀಸಿದಳು. ಎರಡು ಸಣ್ಣ ಮುದ್ದೆ ಆದವು. ಇಬ್ಬರೂ ಎದುರುಬದುರು ಕೂತು ಉಂಡರು. ಕಾಲಿನ ಕೆಳಗೆ ನೆಲ ತಣ್ಣಗಿದೆ ಅಂತ ಅವಳು ಹೇಳಿದಳು. ಸಣ್ಣೀರಯ್ಯನಿಗೆ ಅಷ್ಟು ಸುಖದ ಊಟ ಯಾವತ್ತೂ ಆಗಿರಲಿಲ್ಲ.

ಆದರೆ ದಿನದಂತೆ ಸಂಜೆಗೆ ಹೋರಿಯನ್ನು ಅರಮನೆಯಲ್ಲಿ ತೂಗಿದರು. ತಕ್ಕಡಿ ಕಮ್ಮಿ ಅಂದಿತು. ಹೋರಿಯ ಮೇಲೆ ತೇಲುತ್ತಿದ್ದ ಜನ ಹೌದು ಸ್ವಾಮಿ, ನಮ್ಮ ಹಗ್ಗ ಅಲುಗಾಡಿತು ಅಂತ ಸಾಕ್ಷಿ ಹೇಳಿದರು. ಕರಾರು ಕರಾರೇ. ಇಳಿದದ್ದು ಎಷ್ಟೋ ಅಷ್ಟನ್ನು ಸಣ್ಣೀರಯ್ಯನ ಮೈಯಲ್ಲಿ ಹುಡುಕಿದರು. ಸರಿಯಾಗಿ ಹೊಂದಿದ್ದು ಒಂದು ಕಿವಿಯ ತುದಿ. ದನಕ್ಕೆ ಗುರುತು ಹಾಕುವಂತೆ ಅದನ್ನು ಕತ್ತರಿಸಿಕೊಂಡರು. ಅವತ್ತಿನಿಂದ ಯಾರು ಏನು ಹೇಳಿದರೂ ಸಣ್ಣೀರಯ್ಯನಿಗೆ ಒಂದು ಮಾತು ಕಡಿಮೆ ಕೇಳಿಸುತ್ತಿತ್ತು. ಕಿವಿ ಎಷ್ಟು ಹೋಗಿತ್ತೋ ಅಷ್ಟು.

ಮಾರನೆಯ ದಿನವೂ ಅವನು ಹಿಂಡಿ ಹಾಕದೆ ಕೂತ. ಒಂದು ಕಿವಿ ಪೂರ್ತಿ ಹೋಗಲಿ, ಇನ್ನೊಂದೂ ಹೋಗಲಿ, ನೀನು ನೆಲದ ಮೇಲಿರು ಅಂತ ಹೆಂಡತಿಗೆ ಹೇಳಿದ. ಮಂಚಮ್ಮ ಹಿಂಡಿಯ ಕುಕ್ಕೆಯನ್ನು ತಾನೇ ಎತ್ತಿಕೊಂಡು ಹೋಗಿ ಗೊಂತಿಗೆ ಸುರಿದಳು.

"ನಿನ್ನ ಕಿವಿ ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ ಕಣಯ್ಯ?" ಅಂದಳು.

ಸುರಿಯುತ್ತಿದ್ದಂತೆ ಅವಳ ಹಿಮ್ಮಡಿ ನೆಲ ಬಿಟ್ಟಿತು, ಆಮೇಲೆ ಹೆಬ್ಬೆರಳು. ಸಣ್ಣೀರಯ್ಯ ಓಡಿ ಹೋಗಿ ಹಗ್ಗ ಕಟ್ಟಿದ.

ಇನ್ನು ಉಳಿದ ದಾರಿ ಒಂದೇ. ತಕ್ಕಡಿಗೆ ಆ ಮಾತು ಕಲಿಸುವುದು. ದೊರೆ ಊಟ ಮಾಡಿ ಮಲಗಿದ ಹೊತ್ತು ನೋಡಿ ಸಣ್ಣೀರಯ್ಯ ತಕ್ಕಡಿಯ ಹತ್ತಿರ ಹೋದ. ಹೆಂಡತಿ ತಲೆಯ ಮೇಲೆ ತೇಲುತ್ತಲೇ ಇದ್ದಳು. ಅವನು ತಕ್ಕಡಿಯ ಕೀಲಿಗೆ ಹರಳೆಣ್ಣೆ ಹಚ್ಚಿ, ಅಣ್ಣಾ, ಸಾಕು ಅನ್ನು ಅಂತ ಬೇಡಿಕೊಂಡ. ಎಣ್ಣೆ ಒಳಗೆ ಇಳಿದ ಮೇಲೆ ತಕ್ಕಡಿಗೆ ತಾನು ಕೇಳಿದ್ದ ಮಾತೆಲ್ಲ ಒಂದೊಂದಾಗಿ ಬಂದವು. ಅದು ಬೇಸರದಿಂದ ಹೇಳಿತು.

"ನಾನು ಹುಟ್ಟಿದಾಗಿನಿಂದ ಎಷ್ಟೋ ಜನ ನನ್ನ ಮುಂದೆ ನಿಂತಿದ್ದಾರೆ. ಇನ್ನೂ ಹಾಕು ಅಂದವರಿದ್ದಾರೆ, ಮೋಸ ಅಂದವರಿದ್ದಾರೆ. ಆ ಮಾತನ್ನು ಒಬ್ಬರೂ ಅಂದಿಲ್ಲ. ಕೇಳದ ಮಾತನ್ನು ನಾನು ಹೇಗೆ ಆಡಲಿ?"

ಸಣ್ಣೀರಯ್ಯ ಹೇಳಿಕೊಟ್ಟ. ಸಾ. ತಕ್ಕಡಿ ಸಾ ಅಂದಿತು. ಕು. ತಕ್ಕಡಿ ಸಾ ಸಾ ಅಂತ ತಡವರಿಸಿ ಸಾಲದು ಅಂದುಬಿಟ್ಟಿತು. ಹಾಗಲ್ಲ ಅಣ್ಣಾ ಅಂತ ಇವನು ಮತ್ತೆ ಹೇಳಿಕೊಟ್ಟ. ಮತ್ತೆ ಸಾಲದು. ಮತ್ತೆ ಎಣ್ಣೆ, ಮತ್ತೆ ಪಾಠ. ದಿನಾ ಮಧ್ಯಾಹ್ನ ಹೋದ. ಮಂಚಮ್ಮನೂ ಮೇಲಿನಿಂದ ಮೆಲ್ಲಗೆ ಹೇಳಿಕೊಟ್ಟಳು. ಎಣ್ಣೆಯ ಕುಡಿಕೆ ಬರಿದಾದ ದಿನ ತಕ್ಕಡಿ, ಹಸುಗೂಸು ಅವ್ವ ಅಂದಂತೆ, ಸ್ಪಷ್ಟವಾಗಿ ಸಾಕು ಅಂದಿತು. ಸಣ್ಣೀರಯ್ಯ ತಕ್ಕಡಿಯ ಕಂಬವನ್ನು ತಬ್ಬಿಕೊಂಡು ಅತ್ತ.

ಮಾರನೆಯ ದಿನ ತೂಗುವ ಹೊತ್ತಿಗೆ ಅವನು ಮೊದಲೇ ಹೋಗಿ ನಿಂತ. ಹೋರಿಯನ್ನು ತಟ್ಟೆಯ ಮೇಲೆ ಹತ್ತಿಸಿದರು. ಅದರ ಹಿಂದೆ ಇಡೀ ಊರು ಹಗ್ಗದಲ್ಲಿ ತೇಲುತ್ತ ಬಂದಿತು. ದೊರೆ ಸಿಂಹಾಸನದ ಮೇಲೆ ಕೂತಿದ್ದ. ಅವನು ಊರಿನಲ್ಲೇ ದಪ್ಪ ಮನುಷ್ಯ, ಅವನ ತೂಕ ಇನ್ನೂ ಕರಗಿ ಮುಗಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗಾಡಿ ನಿಂತಿತು. ತಕ್ಕಡಿ ಗಂಟಲು ಸರಿ ಮಾಡಿಕೊಂಡು ಹೇಳಿತು.

"ಸಾಕು."

ಸಣ್ಣೀರಯ್ಯ ಹೆಂಡತಿಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡ. ದೊರೆ ಒಂದು ಗಳಿಗೆ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

"ಕೇಳಿದೆಯಾ ಸಣ್ಣೀರಯ್ಯ? ತಕ್ಕಡಿಯೇ ಹೇಳುತ್ತಿದೆ. ಸಾಕು ಅಂತೆ. ಇನ್ನೂ ಚೆನ್ನಾಗಿ ಸಾಕು."

ಹೋರಿಯ ಮೇಲಿದ್ದ ಜನರೆಲ್ಲ, ಹೌದು ಹೌದು, ಸಾಕಬೇಕು, ಸಾಕದೆ ಬಿಟ್ಟರೆ ನಾವು ಹಾರಿಹೋಗುತ್ತೇವೆ ಅಂದರು. ಸಣ್ಣೀರಯ್ಯ ಕೈಮುಗಿದು, ಅದು ಆ ಸಾಕು ಅಲ್ಲ ಸ್ವಾಮಿ, ಈ ಸಾಕು ಅಂದ. ಯಾವ ಸಾಕು ಅಂತ ದೊರೆ ಕೇಳಿದ. ಸಾಕು ಅನ್ನುವ ಸಾಕು ಅಂತ ಇವನು ಹೇಳಿದ. ಅದನ್ನೇ ತಾನೇ ನಾನೂ ಹೇಳುತ್ತಿರುವುದು ಅಂತ ದೊರೆ ಹೇಳಿದ. ತಕ್ಕಡಿಯನ್ನೇ ಮತ್ತೆ ಕೇಳಿದರು. ತಕ್ಕಡಿ ಪಾಪ, ಕಲಿತದ್ದನ್ನೇ ಆಡಿತು. ಸಾಕು, ಸಾಕು, ಸಾಕು. ದೊರೆ ತಲೆದೂಗಿದ. ಮೂರು ಸಲ ಹೇಳಿದೆ, ಮೂರು ಪಟ್ಟು ಸಾಕು ಅಂತ ಅಪ್ಪಣೆ ಮಾಡಿದ.

ಸಣ್ಣೀರಯ್ಯ ಮನೆಗೆ ಬಂದ. ಅವತ್ತು ಅವನ ಮನಸ್ಸು ಎಷ್ಟು ಭಾರವಾಗಿತ್ತೆಂದರೆ ದಾರಿಯಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಗುಳಿ ಬಿತ್ತು. ಮಂಚಮ್ಮ ಮೇಲಿನಿಂದ ಅವನ ತಲೆ ಸವರುತ್ತ ಬಂದಳು. ತಕ್ಕಡಿ ಒಳ್ಳೆಯ ಕನ್ನಡ ಕಲಿತಿದೆ, ಅಷ್ಟಾದರೂ ಆಯಿತು ಅಂದಳು.

ಇನ್ನು ಮೂರು ಪಟ್ಟು ಮೇವು. ಮೇವನ್ನು ನೆಲದಲ್ಲಿ ಹಿಡಿದಿಡುವುದೇ ಕಷ್ಟ. ಅದೂ ಹಗುರಾಗಿ ಹಾರುತ್ತಿತ್ತು. ಹಾರಿದ ಹುಲ್ಲನ್ನು ಹೋರಿ ಕತ್ತೆತ್ತಿ ಗಾಳಿಯಲ್ಲೇ ಹಿಡಿದು ತಿನ್ನುವುದನ್ನು ಕಲಿತುಕೊಂಡಿತು. ಅದರ ಹಸಿವು ನೋಡಬೇಕಿತ್ತು. ಒಳ್ಳೆಯ ಹೋರಿಯ ಲಕ್ಷಣವೇ ಅದು. ಹೊಟ್ಟೆ ಸರಿಯಿದ್ದು, ಹುಳುವಿಲ್ಲದೆ, ಹೆದರಿಕೆಯಿಲ್ಲದೆ ಬೆಳೆದ ಹೋರಿ ಕಣ್ಣಿಗೆ ಬಿದ್ದ ಹುಲ್ಲನ್ನು ಬಿಡುವುದಿಲ್ಲ.

ಈ ನಡುವೆ ಮಂಚಮ್ಮನ ಹಗ್ಗ ಸವೆದು ಜೂಲು ಬಂದಿತು. ಊರಿನಲ್ಲಿ ಬೇರೆ ಹಗ್ಗ ಇರಲಿಲ್ಲ. ಇದ್ದಬದ್ದ ಹಗ್ಗವೆಲ್ಲ ಹೋರಿಗೆ ಕಟ್ಟಿದ್ದಾಗಿತ್ತು. ಬಾವಿಯ ಹಗ್ಗವೂ ಹೋಗಿತ್ತು, ತೊಟ್ಟಿಲಿನ ಹಗ್ಗವೂ ಹೋಗಿತ್ತು. ಸಣ್ಣೀರಯ್ಯ ಕೊಟ್ಟಿಗೆಯಲ್ಲಿ ಕೂತು ಭತ್ತದ ಹುಲ್ಲನ್ನು ನೆನೆಸಿ ಹುರಿ ಮಾಡಿ ಒಂದು ಹೊಸ ಹಗ್ಗ ಹೊಸೆದ. ಚೆನ್ನಾಗಿಯೇ ಹೊಸೆದ. ಎಳೆದು ನೋಡಿದ, ಜಗ್ಗಲಿಲ್ಲ. ಒಂದು ತುದಿ ಮಂಚಮ್ಮನ ನಡುವಿಗೆ, ಒಂದು ತುದಿ ತನ್ನ ನಡುವಿಗೆ.

ಅವತ್ತು ಬೆಳಿಗ್ಗೆ ಅವನು ಹೋರಿಯ ಮುಂಗಾಲಿನ ಗೊರಸು ಕೆತ್ತುತ್ತಿದ್ದ. ಗೊರಸು ಬೆಳೆದರೆ ದನ ಕಾಲು ಊರುವುದಿಲ್ಲ, ಕಾಲು ಊರದಿದ್ದರೆ ಮೇವಿನ ಹತ್ತಿರ ಹೋಗುವುದಿಲ್ಲ. ತಲೆ ಬಗ್ಗಿಸಿ ಕೆಲಸದಲ್ಲೇ ಇದ್ದ. ಹಗ್ಗ ಹೋರಿಯ ಮೂತಿಯ ಪಕ್ಕದಲ್ಲೇ ಮೇಲಕ್ಕೆ ಹೋಗಿತ್ತು. ಹೋರಿ ಮೂಸಿ ನೋಡಿತು. ಭತ್ತದ ಹುಲ್ಲು. ಮೆಲ್ಲಗೆ ಬಾಯಿ ಹಾಕಿತು.

ಮಂಚಮ್ಮ ಅದನ್ನು ನೋಡಿದಳು. ಅವಳಿಗೆ ಕೂಗಿ ಅಭ್ಯಾಸವಿಲ್ಲ. ಯಾವಾಗಲೂ ಮಾತಾಡುವ ಹಾಗೆಯೇ ಹೇಳಿದಳು.

"ಏನಯ್ಯ, ಹೋರಿ ಹಗ್ಗ ತಿಂತಾ ಐತೆ."

ಸಣ್ಣೀರಯ್ಯನ ಕಿವಿಗೆ ಒಂದು ಮಾತು ಕಡಿಮೆ ಬಿತ್ತು. ಅವನಿಗೆ ಕೇಳಿಸಿದ್ದು ಇಷ್ಟೇ. ಏನಯ್ಯ, ಹೋರಿ ತಿಂತಾ ಐತೆ. ಅವನಿಗೆ ಸಂತೋಷವಾಯಿತು. ತಲೆ ಎತ್ತದೆಯೇ ಹೇಳಿದ.

"ತಿನ್ಲಿ ಬಿಡು ಮಂಚಿ. ಹಸಿದೈತೆ."

ಮಂಚಮ್ಮನಿಗೆ ಎಲ್ಲ ಅರ್ಥವಾಯಿತು. ಸೊಂಟ ಹಗುರಾದಂತಾಗಿ ಸಣ್ಣೀರಯ್ಯ ತಲೆ ಎತ್ತಿದ. ಹಗ್ಗದ ಮೋಟು ತುದಿ ಅವನ ನಡುವಿನಲ್ಲಿ ನೇತಾಡುತ್ತಿತ್ತು. ಹೋರಿ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಮಂಚಮ್ಮ ಹುಣಸೆಮರದ ಎತ್ತರಕ್ಕೆ ಹೋಗಿದ್ದಳು. ಅವನು ಕೈ ಚಾಚಿ ಹಾರಿದ. ಮನಸ್ಸಿನ ಭಾರ ಅವನನ್ನು ಮೊಳಕಾಲುದ್ದವೂ ಏಳಗೊಡಲಿಲ್ಲ. ಅವನು ಹೆಸರು ಹಿಡಿದು ಕೂಗಿದ. ಹೋರಿಗೆ ಕಟ್ಟಿಕೊಂಡವರು ಕೈ ಚಾಚಿದರು, ಅವರ ಹಗ್ಗ ಅಲ್ಲಿಗೆ ಎಟುಕಲಿಲ್ಲ. ಅವಳು ಸೆರಗನ್ನು ಸರಿಮಾಡಿಕೊಂಡು ಕೆಳಗೆ ನೋಡಿದಳು. ಅವಳ ಕೊನೆಯ ಮಾತು ಸಣ್ಣಗೆ ಕೇಳಿಸಿತು. ಇದರಲ್ಲೂ ಒಂದು ಮಾತು ಬಿಟ್ಟುಹೋಗಿರಬೇಕು. ಯಾವುದು ಅಂತ ಅವನಿಗೆ ಯಾವತ್ತೂ ತಿಳಿಯಲಿಲ್ಲ.

"ಊಟದ ದಿನ ನನ್ನ ಪಾಲು ಬಿಡಬೇಡ. ನೀನೇ ಉಣ್ಣು."

ಆಮೇಲೆ ಅವಳು ಕೊಕ್ಕರೆಯಷ್ಟಾದಳು. ಆಮೇಲೆ ಗುಬ್ಬಿಯಷ್ಟಾದಳು. ಆಮೇಲೆ ಬರೀ ಆಕಾಶ.

ಇದಾದ ಮಾರನೆಯ ಬೆಳಿಗ್ಗೆಯೇ ಅರಮನೆಯಲ್ಲಿ ಒಂದು ಸಂಗತಿ ನಡೆಯಿತು. ತೂಗುರಾಯ ಸಿಂಹಾಸನದ ಮೇಲೆ ಕೂತಿದ್ದವನು ಸ್ವಲ್ಪ ಎದ್ದ. ಅವನಾಗಿ ಎದ್ದದ್ದಲ್ಲ. ಸಿಂಹಾಸನಕ್ಕೂ ಅವನಿಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ ಕಂಡಿತು. ಅವನ ಕಿರೀಟ ಮೊದಲೇ ಸೂರಿಗೆ ಹೋಗಿ ಕೂತಿತ್ತು. ದೊರೆಗೆ ಜೀವ ಬಾಯಿಗೆ ಬಂದಿತು. ಸಿಂಹಾಸನದ ಕೈ ಹಿಡಿದುಕೊಂಡು, ತಕ್ಕಡಿ ಏನನ್ನುತ್ತದೆ ಕೇಳಿ ಅಂತ ಆಳುಗಳನ್ನು ಓಡಿಸಿದ. ಆಳುಗಳು ತೇಲುತ್ತ ಹೋಗಿ ಕೇಳಿ ತೇಲುತ್ತ ಬಂದರು. ನಿನ್ನೆ ಅಂದದ್ದನ್ನೇ ಇವತ್ತೂ ಅಂದಿತು ಸ್ವಾಮಿ, ಸಾಕು ಅಂತ, ಅಂದರು.

ದೊರೆಗೆ ಆ ಮಾತಿನ ಅರ್ಥ ತಟ್ಟನೆ ಹೊಳೆಯಿತು. ಹಾಗಾದರೆ ಸಾಕು, ಕಡಿಯಿರಿ ಅಂದ.

ಹೋರಿಯನ್ನು ಕರೆದುಕೊಂಡು ಹೋಗಲು ಸಣ್ಣೀರಯ್ಯನೇ ಬೇಕಾಯಿತು. ಬೇರೆಯವರು ಎಳೆದರೆ ಅದು ಬೆದರುತ್ತದೆ. ಅವನು ಅದರ ಕುತ್ತಿಗೆಯ ಮೇಲೆ ಕೈ ಇಟ್ಟು ಪಕ್ಕದಲ್ಲೇ ನಡೆದ. ಹೆಂಡತಿಯನ್ನು ಕಳಿಸಿದ ಹೋರಿ ಇದು ಅಂತ ಅವನು ಅದನ್ನು ದ್ವೇಷಿಸಲು ನೋಡಿದ. ಆಗಲಿಲ್ಲ. ಅದಕ್ಕೆ ಹಸಿವಾಗಿತ್ತು, ಹುಲ್ಲು ಕಂಡಿತು, ತಿಂದಿತು. ಹಾಗೆ ತಿನ್ನುವಂತೆ ಸಾಕಿದವನು ತಾನು. ಹೋರಿ ಒಂದು ಸಲವೂ ನಿಲ್ಲದೆ, ಒಂದು ಸಲವೂ ತಲೆ ಒದರದೆ, ಅವನ ಅಂಗೈ ನೆಕ್ಕುತ್ತ ಹೋಯಿತು. ಅಷ್ಟು ಚೆನ್ನಾಗಿ ಸಾಕಿದ ಹೋರಿಯನ್ನು ಆ ಊರು ಕಂಡಿರಲಿಲ್ಲ. ಕೆಲಸ ಮುಗಿಯುವವರೆಗೆ ಅವನು ಅದರ ಕಣ್ಣ ಮುಂದೆಯೇ ನಿಂತಿದ್ದ.

ಬಾಡೂಟ ನಡೆಯಿತು. ಜನರನ್ನು ಒಬ್ಬೊಬ್ಬರನ್ನಾಗಿ ಹಗ್ಗ ಎಳೆದು ಇಳಿಸಿ, ಎಲೆಯ ಮುಂದೆ ಹಿಡಿದು ಕೂರಿಸಿ ಬಡಿಸಿದರು. ಒಂದು ತುತ್ತು ಉಂಡರೆ ಕಾಲು ನೆಲಕ್ಕೆ, ಎರಡು ತುತ್ತು ಉಂಡರೆ ಕುಂಡಿ ನೆಲಕ್ಕೆ. ಊರಿನ ತೂಕ ಊರಿಗೆ ಬಂದಿತು. ಕುಂಬಾರಜ್ಜ ಕೆಮ್ಮಿದ, ಕೂತಲ್ಲೇ ಕೂತಿದ್ದ. ಹೆಂಗಸರು ಬಿಂದಿಗೆ ಎತ್ತಿ, ಅಯ್ಯೋ ಏನು ಭಾರ ಅಂತ ನಕ್ಕರು. ದೊರೆ ಎಲ್ಲರಿಗಿಂತ ಹೆಚ್ಚು ಉಂಡು ಎಲ್ಲರಿಗಿಂತ ಗಟ್ಟಿಯಾಗಿ ಕೂತ. ಬಾಡು ಬೆಣ್ಣೆಯಂತಿದೆ ಅಂತ ಎಲ್ಲರೂ ಅಂದರು.

ಸಣ್ಣೀರಯ್ಯನ ಮುಂದೆ ಎರಡು ಎಲೆ ಇತ್ತು. ಒಂದು ಅವನದು, ಒಂದು ಮಂಚಮ್ಮನದು. ಅವನು ತನ್ನದನ್ನು ಮುಟ್ಟಲಿಲ್ಲ. ಅವಳ ಎಲೆಯಿಂದ ಒಂದು ತುಂಡು ತೆಗೆದುಕೊಂಡು ಹೊರಗೆ ಬಂದು ಆಕಾಶಕ್ಕೆ ಬಲವಾಗಿ ಎಸೆದ. ಅದು ಅವಳನ್ನು ಮುಟ್ಟಿದರೆ ಅವಳು ಇಳಿದು ಬರುತ್ತಾಳೆ. ತುಂಡು ಮೇಲೆ ಹೋಯಿತು, ಕೆಳಗೆ ಬಿತ್ತು. ಭಾರವಾದದ್ದು ಹಗುರಾದವರ ಹತ್ತಿರ ಹೋಗುವುದು ಹೇಗೆ? ಮತ್ತೆ ಎಸೆದ, ಮತ್ತೆ ಬಿತ್ತು. ಕೈ ಸೋಲುವವರೆಗೆ ಎಸೆದ. ಬಡಿಸುವವರು ಬಂದು, ಆ ಎಲೆ ಯಾರದು, ಉಣ್ಣುವವರಿಲ್ಲದಿದ್ದರೆ ದೊರೆಗೆ ಕೊಡುತ್ತೇವೆ ಅಂತ ಕೇಳಿದರು. ಸಣ್ಣೀರಯ್ಯ ಮಣ್ಣು ಹತ್ತಿದ ತುಂಡನ್ನು ತೊಳೆದುಕೊಂಡು ಬಂದು ಕೂತ. ಅವಳು ಹೇಳಿದ್ದಳಲ್ಲ. ತನ್ನ ಎಲೆಯನ್ನು ಉಂಡ. ಅವಳ ಎಲೆಯನ್ನು ಉಂಡ. ಒಂದು ಎಳೆಯೂ ಬಿಡಲಿಲ್ಲ.

ಉಂಡು ಎದ್ದು ನಿಂತ. ಕಾಲು ಹಿಮ್ಮಡಿಯವರೆಗೆ ನೆಲದಲ್ಲಿ ಇಳಿಯಿತು. ಒಂದು ಹೆಜ್ಜೆ ಇಟ್ಟ, ಕಣಕಾಲಿನವರೆಗೆ ಇಳಿಯಿತು. ಅವನ ತೂಕ ಅವನಿಗೆ ಬಂದಿತ್ತು, ಮಂಚಮ್ಮನ ತೂಕ ಅವನಿಗೆ ಬಂದಿತ್ತು, ಮನಸ್ಸಿನ ಭಾರ ಮೊದಲಿನಂತೆಯೇ ಇತ್ತು. ಇನ್ನು ಅವಳು ಇಳಿದು ಬರುವುದಕ್ಕೆ ಊರಿನಲ್ಲಿ ತೂಕ ಉಳಿದಿರಲಿಲ್ಲ. ಇವನು ಹತ್ತಿ ಹೋಗೋಣವೆಂದರೆ ಇವನಷ್ಟು ಭಾರದ ಮನುಷ್ಯ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಅವಳು ಹೇಳಿದಂತೆ ಮಾಡಿದ್ದಕ್ಕೇ ಹೀಗಾಯಿತು. ಬಿಟ್ಟುಹೋದ ಆ ಒಂದು ಮಾತು ಯಾವುದಿರಬಹುದು ಅಂತ ಅವನು ಅಲ್ಲೇ ನಿಂತು ಯೋಚಿಸಿದ. ಕೊಂಚ ಅಂದಿದ್ದಳೋ, ಕೊನೆಗೆ ಅಂದಿದ್ದಳೋ, ಆಮೇಲೆ ಅಂದಿದ್ದಳೋ.

ಸಂಜೆ ದೊರೆ ತೇಗುತ್ತ ಅವನ ಹತ್ತಿರ ಬಂದ. ಮುಂದಿನ ಸಲ ಇದಕ್ಕಿಂತ ದೊಡ್ಡದು ಬೇಕು ಅಂತ ಹೇಳಿ ಒಂದು ಹೊಸ ಕರುವಿನ ಕಣ್ಣಿಯನ್ನು ಅವನ ಕೈಗೆ ಕೊಟ್ಟು ಹೋದ. ಸಣ್ಣೀರಯ್ಯ ಆ ಕಡೆ ತಿರುಗಿ ನೋಡಲಿಲ್ಲ. ಕರು ಸ್ವಲ್ಪ ಹೊತ್ತು ನಿಂತು ನೋಡಿತು. ಆಮೇಲೆ ಹಸಿವಿಗೆ ಸಣ್ಣ ದನಿಯಲ್ಲಿ ಕೂಗಿತು. ಎರಡನೇ ಸಲ ಕೂಗಿದಾಗ ಅವನ ಕೈ ತಾನಾಗಿಯೇ ಹೋಗಿ ಅದರ ಕಿವಿಯ ಹಿಂದೆ ಉಣ್ಣೆಹುಳು ಇದೆಯೇನೋ ಅಂತ ತಡವಿತು. ಇತ್ತು. ಕಿತ್ತು ಹಾಕಿದ.

ಈ ಕತೆಯ ನೀತಿ ಏನಪ್ಪ ಅಂದರೆ, ಎಳೆಗರುವಿಗೆ ಹೊಸ ಮೇವನ್ನು ಒಂದೇ ಸಲಕ್ಕೆ ಹಾಕಬಾರದು, ಹೊಟ್ಟೆ ಕೆಡುತ್ತದೆ. ಹಳೆಯದರ ಜೊತೆ ದಿನಾ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಬೇಕು. ಇದಕ್ಕಿಂತ ದೊಡ್ಡ ನೀತಿ ಹುಡುಕಿದವರಿಗೆ ಸಿಗಲಿಲ್ಲ. ಕತೆ ಮೇಲಕ್ಕೆ ಹೋಯಿತು, ನಾವು ಕೆಳಗೆ ಉಳಿದೆವು.